ಕುರರ ಯಾವುದು? ಶರತ್ಕಾಲದ ಅಳಿವೆಯಲ್ಲಿ ಒಂದು ಪಾಠ

ಹಳೆಯ ಕಾವ್ಯಗಳನ್ನು ಪಾಠ ಹೇಳುವಾಗ ಹಕ್ಕಿಯ ಹೆಸರು ಬಂದೊಡನೆ ‘ಒಂದು ಪಕ್ಷಿವಿಶೇಷ’ ಎಂದು ಅರ್ಥ ಬರೆಸಿ ಮುಂದೆ ಸಾಗುವ ವಾಡಿಕೆ ನಮ್ಮಲ್ಲಿ ಬೇರೂರಿದೆ. ಇದರಿಂದ ವಿದ್ಯಾರ್ಥಿಗೆ ಅಂಕ ದೊರೆಯಬಹುದು, ಅರ್ಥ ದೊರೆಯದು. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಕಾಳಿದಾಸನು ಪರಿತ್ಯಕ್ತಳಾದ ಸೀತೆಯ ರೋದನವನ್ನು ಕುರರಿಯ ಕೂಗಿಗೆ ಹೋಲಿಸಿದ್ದಾನೆ. ಆ ಕೂಗನ್ನು ಎಂದೂ ಕೇಳದವನಿಗೆ ಈ ಉಪಮೆ ಬರಿಯ ಅಲಂಕಾರಲಕ್ಷಣದ ಉದಾಹರಣೆಯಾಗಿ ಉಳಿಯುತ್ತದೆ.

ಅಮರಕೋಶವು ಕುರರ, ಉತ್ಕ್ರೋಶ ಎಂಬಿವನ್ನು ಸಮಾನಾರ್ಥಕಗಳೆಂದು ಹೇಳಿ ಸುಮ್ಮನಾಗುತ್ತದೆ. ಗಟ್ಟಿಯಾಗಿ ಕೂಗುವುದೇ ಉತ್ಕ್ರೋಶ. ಪಂಡಿತರಲ್ಲಿ ಇದನ್ನು ಮೀನುಗಿಡುಗವೆನ್ನುವವರೂ ಉಂಟು, ರೀವವೆನ್ನುವವರೂ ಉಂಟು. ಈ ಎರಡು ಹಕ್ಕಿಗಳನ್ನೂ ಒಂದೇ ಎಡೆಯಲ್ಲಿ ನೋಡಬಯಸುವವರು ಆಶ್ವಯುಜ ಕಾರ್ತಿಕ ಮಾಸಗಳಲ್ಲಿ ಅಘನಾಶಿನಿಯ ಅಳಿವೆಗೆ ಹೋಗಬೇಕು.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಈ ನದಿ ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಕೂಡುತ್ತದೆ. ದೊಡ್ಡ ಅಣೆಕಟ್ಟಿನ ತಡೆ ಇದಕ್ಕಿಲ್ಲವಾದುದರಿಂದ ಘಟ್ಟದ ಸಿಹಿನೀರೂ ಮೆಕ್ಕಲೂ ನೇರವಾಗಿ ಅಳಿವೆಗೆ ಬಂದು ಉಪ್ಪುನೀರಿನೊಡನೆ ಬೆರೆಯುತ್ತವೆ. ಅಗಸ್ತ್ಯೋದಯವಾದ ಮೇಲೆ ನೀರು ತಿಳಿಯಾಗುವುದೆಂದು ಕವಿಗಳು ಹೇಳುವುದು ಇಲ್ಲಿ ಪ್ರತ್ಯಕ್ಷ. ಮಳೆಗಾಲದ ಕೆಂಪುನೀರು ಇಳಿದು ಮೀನುಗಳು ಕಾಣತೊಡಗುತ್ತವೆ. ಉತ್ತರದೇಶದ ವಲಸೆಹಕ್ಕಿಗಳೂ ಆಗಲೇ ಬಂದಿಳಿಯುತ್ತವೆ. ಇಳಿತದ ವೇಳೆ ಕೆಸರುಬಯಲು ತೆರೆದುಕೊಳ್ಳುತ್ತದೆ. ಇಳಿತವು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಹೊರಡುವ ಮುನ್ನ ಅಲ್ಲಿಯ ಮೀನುಗಾರರನ್ನು ಕೇಳುವುದು ಲೇಸು.

ಮೊದಲು ಎರೆಹಕ್ಕಿಗಳಾದ ಹದ್ದುಗಳನ್ನು ವಿಂಗಡಿಸಿಕೊಳ್ಳಬೇಕು. ಕೆಂಗಂದು ಮೈ, ಬಿಳಿಯ ತಲೆ ಎದೆಗಳುಳ್ಳದ್ದು ಗರುಡ. ಬಾಲದ ತುದಿ ಕವಲಾಗಿದ್ದರೆ ಸಾಮಾನ್ಯ ಹದ್ದು. ಬೂದುಬಣ್ಣದ ಬೆನ್ನು, ಬಿಳಿಯ ಹೊಟ್ಟೆ, ಗಿಡ್ಡ ಬಾಲವಿದ್ದು, ರೆಕ್ಕೆಗಳನ್ನು ಮೇಲೆತ್ತಿ ತೇಲುವ ದೊಡ್ಡ ಹಕ್ಕಿ ಕಡಲಹದ್ದು. ಕಣ್ಣಿನ ಮೇಲೆ ಹಾದುಹೋಗುವ ಕಪ್ಪುಪಟ್ಟಿ, ಬೆಳ್ಳನೆಯ ಒಡಲು, ಮಣಿಕಟ್ಟಿನಲ್ಲಿ ಬಾಗಿದ ನೀಳರೆಕ್ಕೆ ಇವು ಮೀನುಗಿಡುಗದ ಗುರುತುಗಳು. ಅದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ನಿಂತು, ಕಾಲುಗಳನ್ನು ಮುಂದೆ ಚಾಚಿ ಎರಗುತ್ತದೆ. ಅದರ ಅಂಗಾಲಿನಲ್ಲಿ ಮುಳ್ಳಿನಂಥ ಒರಟುಗಳಿವೆ. ಹೊರಬೆರಳು ಹಿಂದಕ್ಕೂ ತಿರುಗುತ್ತದೆ. ಆದುದರಿಂದ ಜಾರುವ ಮೀನೂ ಜಾರದು. ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ಮಾಡಿ ಹೊತ್ತೊಯ್ಯುತ್ತದೆ.

ರೀವವಾದರೋ ಕವಲುಬಾಲದ ಹಗುರ ಹಕ್ಕಿ. ಇದೂ ಮಿಂಚುಳ್ಳಿಯಂತೆ ಕೊಕ್ಕು ಮುಂದಾಗಿ ನೀರಿಗೆ ಬೀಳುತ್ತದೆ. ಗುಂಪಾಗಿರುವಾಗ ಇದರ ಕರ್ಕಶವಾದ ಕೂಗು ನಿಲ್ಲುವುದೇ ಇಲ್ಲ. ಮೀನುಗಿಡುಗವು ಚಳಿಗಾಲವನ್ನು ಕಳೆಯುವ ಎಡೆಯಲ್ಲಿ ಹೆಚ್ಚಾಗಿ ಮೌನಿ. ಕೂಗಿದರೆ ಚೂಪಾದ ಸಿಳ್ಳು, ಒಂದರ ಹಿಂದೊಂದು. ಸೀತೆಯ ಅಳಲಿಗೆ ಇವುಗಳಲ್ಲಿ ಯಾವುದು ಒಪ್ಪುವುದು? ಇದನ್ನು ಅಧ್ಯಾಪಕರು ಹೇಳಿಕೊಡದೆ ವಿದ್ಯಾರ್ಥಿಗಳೇ ಕೇಳಿ ವಿಚಾರಿಸಲಿ. ಒಬ್ಬನು ಗಿಡುಗವೆಂದು, ಇನ್ನೊಬ್ಬನು ರೀವವೆಂದು ಕಾರಣಸಹಿತ ವಾದಿಸಿದರೆ ಅದೇ ನಿಜವಾದ ವ್ಯಾಖ್ಯಾನ.

ಕೆಸರಿನಲ್ಲಿ ಬಳಚು ಆಯುವ ಹೆಂಗಸರು, ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆವ ಒಕ್ಕಲಿಗರು, ಈ ಹಕ್ಕಿಗಳು ಎಲ್ಲರಿಗೂ ಅನ್ನವಿಡುವುದು ಒಂದೇ ಅಳಿವೆ. 2024ರಲ್ಲಿ ಇದರ 4,801 ಹೆಕ್ಟೇರುಗಳು ಅಂತರರಾಷ್ಟ್ರೀಯ ಮಹತ್ತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿದುವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಪಾಡಿದಂತಾಗದು, ಬಲ್ಲವರು ಬೇಕು. ವಸ್ತುವು ಅಳಿದರೆ ಪದವು ನಿಘಂಟಿನಲ್ಲಿ ಅನಾಥವಾಗುತ್ತದೆ. ನಮ್ಮ ಅಧ್ಯಾಪಕ ಬಂಧುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಅಳಿವೆಯ ದಡಕ್ಕೆ ಕರೆದೊಯ್ಯಲಿ; ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಅದಕ್ಕೆ ಕೈಗೂಡಿಸಲಿ. ‘ಪಕ್ಷಿವಿಶೇಷ’ವೆಂಬ ಮಾತು ಅಂದೇ ಅವರ ಟಿಪ್ಪಣಿ ಪುಸ್ತಕದಿಂದ ಮಾಯವಾದೀತು.