ಒಂದೇ ಪೊಟ್ಟಣ, ಎರಡು ದಾರಿ

ಕಾಲೇಜಿನ ಹಿಂದಿನ ಕಟ್ಟೆಯ ಮೇಲೆ ಇಬ್ಬರು ಗೆಳೆಯರು ಗಾಂಜಾ ಸೇದುತ್ತಾ ಸಿಕ್ಕಿಬಿದ್ದರು ಎನ್ನಿ. ಒಬ್ಬನಿಗೆ 19, ಇನ್ನೊಬ್ಬನಿಗೆ 17. ಪೊಟ್ಟಣ ಒಂದೇ. ಆದರೆ ಠಾಣೆಯ ಬಾಗಿಲಲ್ಲೇ ಇಬ್ಬರ ದಾರಿ ಕವಲೊಡೆಯುತ್ತದೆ.

19ರವನಿಗೆ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ನೇರವಾಗಿ ಅನ್ವಯ. ಕಲಂ 27ರಂತೆ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆರಾಯಿನ್, ಕೊಕೇನ್ ಆದರೆ ಒಂದು ವರ್ಷ, 20,000 ರೂಪಾಯಿ. ಜೇಬಿನಲ್ಲಿ ಮಾಲು ಸಿಕ್ಕಿದರೆ ಮಾತ್ರ ಹಣೆಬರಹ ಬರೆಯುವುದು ತಕ್ಕಡಿ. ಗಾಂಜಾ ಒಂದು ಕೆಜಿಗಿಂತ ಕಡಿಮೆಯಿದ್ದರೆ ‘ಅಲ್ಪ ಪ್ರಮಾಣ’, 20 ಕೆಜಿ ಮೀರಿದರೆ ‘ವಾಣಿಜ್ಯ ಪ್ರಮಾಣ’. ಎಂಡಿಎಂಎಗೆ ಇದೇ ಗಡಿ ಅರ್ಧ ಗ್ರಾಂ ಮತ್ತು 10 ಗ್ರಾಂ! ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆ, ಜಾಮೀನೂ ಬಲು ಕಷ್ಟ. ಬೆರಕೆ ಮಾಲಾದರೆ ಪೂರ್ತಿ ತೂಕವೇ ಲೆಕ್ಕ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮಹಜರಿಗೆ ಸಹಿ ಹಾಕುವ ಮುನ್ನ ತೂಕದ ಸಾಲನ್ನು ಓದಲೇಬೇಕು.

ಮೈ ತಪಾಸಣೆಗೂ ಮೊದಲು, ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ತಪಾಸಣೆ ಕೇಳುವ ಹಕ್ಕು ನಿನಗಿದೆ’ ಎಂದು ಅಧಿಕಾರಿ ತಿಳಿಸಬೇಕು. ಇದು ಕಲಂ 50. ಬ್ಯಾಗಿಗೆ ಈ ರಕ್ಷಣೆ ಇಲ್ಲ.

ಇನ್ನು 17ರವನು. ಅವನನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಜಾಮೀನು ಕೊಡುವುದೇ ನಿಯಮ, ನಿರಾಕರಣೆ ಅಪವಾದ. ಅವನ ಹೆಸರು, ಶಾಲೆ, ಫೋಟೊ ಪತ್ರಿಕೆಯಲ್ಲಿ ಬರಕೂಡದು. ವಯಸ್ಸಿನ ತಕರಾರು ಎದ್ದರೆ ಶಾಲೆಯ ಜನ್ಮ ದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಮೊದಲ ಪುರಾವೆ, ಪೋಷಕರು ಠಾಣೆಗೆ ಓಡುವಾಗ ಅದನ್ನು ಹಿಡಿದೇ ಹೋಗಲಿ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೆ, ಅವರ ಕೈಯಲ್ಲಿ ಮಾರಿಸಿದವರಿಗೆ 2015ರ ಬಾಲ ನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಕಠಿಣ ಸೆರೆ ಇದೆ.

ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇರುವ, ಮನೆಯವರಿಗೆ ಮಾತ್ರ ಗೊತ್ತಿಲ್ಲದ ಬಾಗಿಲು ಕಲಂ 64-ಎ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ಪ್ರಾಸಿಕ್ಯೂಷನ್ನಿನಿಂದ ವಿನಾಯಿತಿ ಪಡೆಯಬಹುದು. ಆಸ್ಪತ್ರೆ ಸರ್ಕಾರದ್ದೋ ಸರ್ಕಾರದ ಮಾನ್ಯತೆ ಪಡೆದದ್ದೋ ಆಗಿರಬೇಕು. ಅರ್ಧಕ್ಕೆ ಬಿಟ್ಟರೆ ವಿನಾಯಿತಿಯನ್ನೂ ಹಿಂಪಡೆಯಬಹುದು. ‘ಕೇಸು ಮುಚ್ಚಿಸುತ್ತೇನೆ’ ಎನ್ನುವ ಮಧ್ಯವರ್ತಿಗೆ ದುಡ್ಡು ಸುರಿಯುವ ಬದಲು ಈ ಅರ್ಜಿ ಹಾಕಿಸುವುದು ಲೇಸು. ಅಪರಾಧ ಸಾಬೀತಾದ ಮೇಲೂ ಕಲಂ 39ರಡಿ ನ್ಯಾಯಾಲಯ ವ್ಯಸನಿಯ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳಿಸಬಹುದು.

ಬಂಧನದಲ್ಲಿರುವವರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಅದಕ್ಕೆ 15100, ವ್ಯಸನಮುಕ್ತಿ ಸಲಹೆಗೆ 14446, ಮಕ್ಕಳಿಗಾಗಿ 1098ಕ್ಕೆ ಕರೆ ಮಾಡಿ.