ಕರೆಂಟು ಹೋಗಿ ಬಂದಾಗ ಯಂತ್ರಕ್ಕೆ ಏನು ನೆನಪಿರುತ್ತದೆ?



ಮಳೆಗಾಲದಲ್ಲಿ ತೊಗರ್ಸಿ, ಶಿರಾಳಕೊಪ್ಪ ಕಡೆಯ ಹಳ್ಳಿಗಳಲ್ಲಿ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗುವುದು ಹೊಸತಲ್ಲ. ಹಾಲು ಅಳೆಯುವ ಹೊತ್ತಿನಲ್ಲೇ ಹೀಗಾದರೆ ಯಂತ್ರಗಳು ಏನು ಮಾಡುತ್ತವೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ನಿಮ್ಮ ಪಂಪ್‌ಸೆಟ್ಟನ್ನೇ ನೋಡಿ. ಕರೆಂಟು ಹೋದ ಕೂಡಲೇ ಸ್ಟಾರ್ಟರ್ ಬಿಟ್ಟುಕೊಳ್ಳುತ್ತದೆ. ಮತ್ತೆ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗದು. ಆಟೋ ಸ್ಟಾರ್ಟರ್ ಇದ್ದರೆ ತಾನಾಗಿಯೇ ಚಾಲೂ ಆಗುತ್ತದೆ. ಬಲ್ಕ್ ಕೂಲರ್‌ಗಳಲ್ಲೂ ಈ ಎರಡು ಬಗೆಗಳಿವೆ. 4 ಡಿಗ್ರಿ ಎಂದು ಗೊತ್ತುಪಡಿಸಿದ ಅಳತೆ ನಿಯಂತ್ರಕದ ಕಾಯಂ ನೆನಪಿನಲ್ಲಿ ಉಳಿಯುತ್ತದೆ. ಆದರೆ ತಾನು ಓಡುತ್ತಿದ್ದೆ ಎಂಬುದು ಎಲ್ಲ ಯಂತ್ರಗಳಿಗೂ ನೆನಪಿರುವುದಿಲ್ಲ. ತಾನಾಗಿ ಚಾಲೂ ಆಗುವ ಯಂತ್ರವೂ ಸಾಮಾನ್ಯವಾಗಿ ಕೆಲವು ನಿಮಿಷ ಕಾದು ಕಂಪ್ರೆಸರನ್ನು ಓಡಿಸುತ್ತದೆ. ಒಳಗಿನ ಅನಿಲದ ಒತ್ತಡ ಸಮವಾಗುವ ಮೊದಲೇ ಹೊರಟರೆ ಮೋಟಾರಿನ ಮೇಲೆ ಭಾರ ಬೀಳುತ್ತದೆ. ಇದನ್ನು ಕೆಟ್ಟಿದೆಯೆಂದು ತಿಳಿದು ಗುಂಡಿಯನ್ನು ಪದೇ ಪದೇ ಒತ್ತಬಾರದು.

ಕರೆದ ಹಾಲು ಸುಮಾರು 37 ಡಿಗ್ರಿ ಬೆಚ್ಚಗಿರುತ್ತದೆ. ಆ ಬಿಸಿಯಲ್ಲಿ ಕೆಲವು ಸೂಕ್ಷ್ಮಜೀವಿಗಳು 20–30 ನಿಮಿಷಕ್ಕೆ ಇಮ್ಮಡಿಯಾಗುತ್ತವೆ. ರಾತ್ರಿಯಿಡೀ ಕೂಲರ್ ಸುಮ್ಮನೆ ನಿಂತರೆ ನಷ್ಟ ಒಬ್ಬರದಲ್ಲ, ಇಡೀ ಊರಿನದು.

ದೊಡ್ಡ ಡೇರಿಗಳಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಪಾಶ್ಚರೀಕರಿಸುತ್ತಾರೆ. ಅಲ್ಲಿ ಕರೆಂಟು ಹೋದರೆ ಒಂದು ಕವಾಟ ಸ್ಪ್ರಿಂಗಿನ ಬಲದಿಂದ ತಾನೇ ತಿರುಗಿ, ಸರಿಯಾಗಿ ಕಾಯದ ಹಾಲನ್ನು ಹಿಂದಕ್ಕೆ ಕಳಿಸುತ್ತದೆ. ಕರೆಂಟು ಬಂದರೂ ನಿಗದಿತ ಬಿಸಿ ಮುಟ್ಟುವವರೆಗೆ ಹಾಲು ಮುಂದೆ ಹೋಗದು. ಯಂತ್ರ ನಿಂತಾಗ ಅಪಾಯವಿಲ್ಲದ ಕಡೆಗೆ ನಿಲ್ಲಬೇಕು ಎಂಬುದೇ ಇಲ್ಲಿನ ತತ್ವ.

ಇನ್ನು ಸಂಘದ ತೂಕದ ಯಂತ್ರ. ಇಂತಹ ಹಲವು ಯಂತ್ರಗಳು ಚಾಲೂ ಆಗುವಾಗ ಮೇಲಿರುವ ಭಾರವನ್ನೇ ಸೊನ್ನೆ ಎಂದು ಹಿಡಿಯುತ್ತವೆ. ಬ್ಯಾಟರಿ ಇಲ್ಲದ ಯಂತ್ರದ ಮೇಲೆ ನೀವು 3 ಲೀಟರ್ ಸುರಿದಾಗ ಕರೆಂಟು ಹೋಗಿ ಬಂತೆನ್ನಿ. ಉಳಿದ 2 ಲೀಟರ್ ಸುರಿದರೆ ಚೀಟಿಯಲ್ಲಿ 2 ಲೀಟರ್ ಮಾತ್ರ ಕಾಣಬಹುದು. ಯಾರ ಮೋಸವೂ ಇಲ್ಲದೆ 3 ಲೀಟರಿನ ಹಣ ಹೋಯಿತು!

ಆದ್ದರಿಂದ ಕರೆಂಟು ಬಂದ ಮೇಲೆ:

1. ಅಳತೆ ಪಾತ್ರೆ ಇಳಿಸಿ, ತೂಕದ ಯಂತ್ರ ಸೊನ್ನೆ ತೋರಿಸುವುದನ್ನು ನೋಡಿ. ಖಾಲಿ ಪಾತ್ರೆಯ ತೂಕ ಕಳೆದು, ನಿಮ್ಮ ಹಾಲನ್ನೆಲ್ಲ ಮೊದಲಿನಿಂದ ಅಳೆಸಿ.
2. ಫ್ಯಾಟ್ ಪರೀಕ್ಷಾ ಯಂತ್ರ ಬಿಸಿಯಾಗಿ ಸಿದ್ಧವಾಗುವವರೆಗೆ ಕಾಯಿರಿ.
3. ಚೀಟಿಯಲ್ಲಿ ದಿನಾಂಕ, ಹೊತ್ತು ಸರಿಯಿದೆಯೇ ನೋಡಿ. ಒಳಗಿನ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ.
4. ಹತ್ತು ನಿಮಿಷದ ನಂತರ ಕಂಪ್ರೆಸರ್ ಓಡುತ್ತಿದೆಯೇ, ಹಾಲು ಕಲಕುವ ರೆಕ್ಕೆ ತಿರುಗುತ್ತಿದೆಯೇ ಎಂದು ಸಿಬ್ಬಂದಿ ಪರೀಕ್ಷಿಸಲಿ. ತಂತಿ ದುರಸ್ತಿಯಲ್ಲಿ ಫೇಸ್ ಅದಲುಬದಲಾಗಿದ್ದರೆ ರಕ್ಷಣಾ ರಿಲೇ ಓಡಲು ಬಿಡುವುದಿಲ್ಲ. ಆಗ ರಿಲೇ ತಪ್ಪಿಸಿ ಓಡಿಸದೆ ಮೆಕ್ಯಾನಿಕ್‌ಗೆ ತಿಳಿಸಬೇಕು.

ದೀಪ ಹತ್ತಿತೆಂದರೆ ಯಂತ್ರ ಕೆಲಸ ಆರಂಭಿಸಿತೆಂದು ಅರ್ಥವಲ್ಲ. ನೋಡಿ ಖಚಿತಪಡಿಸಿಕೊಳ್ಳಿ.