ಫೋನ್ ಕೊಂಡವರಿಗೆ ಕವರ್ ತೋರಿಸುವುದು ಹೇಗೆ?

ಪ್ರಶ್ನೆ: ಆನ್‌ಲೈನಿನಲ್ಲಿ ಫೋನ್ ಕೊಂಡ ಕೂಡಲೇ ಕವರ್, ಇಯರ್‌ಫೋನ್ ಕಣ್ಣಿಗೆ ಬೀಳುತ್ತವೆ. ಕವರ್ ಕೊಂಡವರಿಗೆ ಫೋನ್ ಕೊಳ್ಳಿ ಎಂದು ಮಾತ್ರ ಹೇಳುವುದಿಲ್ಲ. ಈ ಹಿಂದುಮುಂದನ್ನು ಯಂತ್ರಕ್ಕೆ ಯಾರು ಕಲಿಸುತ್ತಾರೆ?

ಉತ್ತರ: ಯಾರೂ ಕೂತು ಕಲಿಸುವುದಿಲ್ಲ. ಅಸಂಖ್ಯ ಗ್ರಾಹಕರು ಯಾವುದಾದ ಮೇಲೆ ಯಾವುದನ್ನು ಒತ್ತಿದರು ಎಂಬ ದಾಖಲೆಯಿಂದ ನ್ಯೂರಲ್ ನೆಟ್‌ವರ್ಕ್ ಎಂಬ ಗಣಕ ಮಾದರಿ ತಾನೇ ಕಲಿಯುತ್ತದೆ.

ಮೊದಲು ಈ ಕ್ರಮಕ್ಕೆ ಅಷ್ಟು ಬೆಲೆ ಇರಲಿಲ್ಲ. 2006ರಲ್ಲಿ ನೆಟ್‌ಫ್ಲಿಕ್ಸ್ ಹತ್ತು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ ಏರ್ಪಡಿಸಿದಾಗ ಕೇಳಿದ್ದು, ಒಬ್ಬ ಪ್ರೇಕ್ಷಕ ಒಂದು ಸಿನಿಮಾಕ್ಕೆ ಎಷ್ಟು ಅಂಕ ಕೊಟ್ಟಾನು ಎಂಬುದನ್ನು. ಅದು ಅಭಿರುಚಿಯ ಲೆಕ್ಕ, ಕ್ರಮದ್ದಲ್ಲ. 2015ರ ಕೊನೆಯಲ್ಲಿ ಸಂಶೋಧಕ ಹಿದಾಶಿ ಮತ್ತು ಸಂಗಡಿಗರು ರೂಪಿಸಿದ ‘ಜಿಆರ್‌ಯು4ರೆಕ್’ ಎಂಬ ಮಾದರಿ ಒಂದೊಂದು ಕ್ಲಿಕ್ಕಿಗೂ ತನ್ನ ನೆನಪನ್ನು ತಿದ್ದಿಕೊಳ್ಳುತ್ತ ಮುಂದಿನ ಕ್ಲಿಕ್ಕನ್ನು ಊಹಿಸಿತು. 2018ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಕಾಂಗ್ ಮತ್ತು ಮೆಕಾಲಿ ‘ಸಾಸ್‌ರೆಕ್’ ಮಾದರಿಯನ್ನು ಮುಂದಿಟ್ಟರು.

ಸಾಸ್‌ರೆಕ್ ಕೆಲಸ ಮಾಡುವ ಬಗೆ ನೋಡಿ. ನೀವು ಫೋನ್, ಅಕ್ಕಿ ಡಬ್ಬಿ, ಕವರ್ ಈ ಕ್ರಮದಲ್ಲಿ ಕೊಂಡಿರಿ ಎನ್ನೋಣ. ಪ್ರತಿ ವಸ್ತುವೂ ಯಂತ್ರದೊಳಗೆ ಅಂಕಿಗಳ ಒಂದು ಸರಣಿ. ಸಾಲಿನಲ್ಲಿ ಅದು ಎಷ್ಟನೆಯದು ಎಂಬ ಗುರುತೂ ಅದರ ಜೊತೆಗೆ ಕೂಡಿಕೊಳ್ಳುತ್ತದೆ. ಮುಂದಿನದನ್ನು ಊಹಿಸುವಾಗ ಯಂತ್ರ ಹಿಂದಿನ ಒಂದೊಂದಕ್ಕೂ ತೂಕ ಕೊಡುತ್ತದೆ: ಫೋನ್, ಕವರುಗಳಿಗೆ ಹೆಚ್ಚು, ಡಬ್ಬಿಗೆ ಕಡಿಮೆ. ತರಬೇತಿಯಲ್ಲಿ ಮುಂದಿನ ವಸ್ತುವನ್ನು ಮರೆಮಾಡಿ ಊಹಿಸಲು ಬಿಡುತ್ತಾರೆ. ಊಹೆ ತಪ್ಪಿದಷ್ಟೂ ಅಂಕಿಗಳು ತುಸುತುಸು ಬದಲಾಗುತ್ತವೆ. ಫೋನಿನ ನಂತರ ಕವರ್ ಬರುವ ಸಾಲುಗಳೇ ಹೆಚ್ಚಾದ್ದರಿಂದ ಆ ದಿಕ್ಕು ಗಟ್ಟಿಯಾಗುತ್ತದೆ. ಕವರಿನ ನಂತರ ಫೋನ್ ಅಪರೂಪವಾದ್ದರಿಂದ ಅದು ಮೇಲೆ ಬರುವುದೇ ಇಲ್ಲ.

ಇನ್ನೊಂದು ಸೊಗಸಾದ ಸಂಗತಿ ಇದೆ. ಗ್ರಾಹಕರ ದಾಖಲೆ ತೆಳುವಾಗಿದ್ದ ಕಡೆ ಸಾಸ್‌ರೆಕ್ ಇತ್ತೀಚಿನ ಕ್ಲಿಕ್ಕುಗಳನ್ನೇ ನೆಚ್ಚಿತು; ದಟ್ಟವಾಗಿದ್ದ ಕಡೆ ಬಹಳ ಹಿಂದಿನದನ್ನೂ ಗಣನೆಗೆ ತಂದುಕೊಂಡಿತು. ಎಷ್ಟು ಹಿಂದೆ ನೋಡಬೇಕೆಂಬುದನ್ನೂ ಅದು ತಾನೇ ಕಲಿತಿತ್ತು.

ಆದರೆ ಜನ ಏನು ಮಾಡಿದರು ಎಂಬುದಷ್ಟೇ ಇದಕ್ಕೆ ಗೊತ್ತು; ಏಕೆ ಮಾಡಿದರು ಎಂಬುದು ಗೊತ್ತಿಲ್ಲ. ಗೆಳೆಯನ ಮಗುವಿಗೆ ಆಟಿಕೆ ಕೊಂಡರೂ ನಿಮ್ಮ ಮನೆಯಲ್ಲೇ ಮಗು ಇದ್ದಂತೆ ಸಲಹೆಗಳು ಬರುತ್ತವೆ. ಹಾಗಾದಾಗ ನೋಡಿದ ವಸ್ತುಗಳ ಇತಿಹಾಸದಿಂದ ಅದನ್ನು ಅಳಿಸಿ. ಹಲವು ಆ್ಯಪ್‌ಗಳಲ್ಲಿ ಆ ಅವಕಾಶವಿದೆ. ನಿಮಗೆ ಬೇಕಾದದ್ದನ್ನು ಹೆಸರು ಹಿಡಿದು ಹುಡುಕಿ. ಆ್ಯಪ್ ಮುಂದಿಟ್ಟದ್ದು ಒಂದು ಊಹೆ ಮಾತ್ರ. ಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದೇ ಆಗಿರಲಿ.